ರೆವಿನ್ಯೂ ಕಟರ್

ರೆವಿನ್ಯೂ ಕಟರ್ ಅಥವಾ ಸುಂಕದ ಗಸ್ತುನೌಕೆ ಎಂಬುದು ಹಾಯಿಹಡಗುಗಳ ಕಾಲದಲ್ಲಿ ಸಮುದ್ರಮಾರ್ಗದ ಕಳ್ಳಸಾಗಣೆಯನ್ನು ತಡೆಯಲು ಬಳಸುತ್ತಿದ್ದ ಚಿಕ್ಕ, ವೇಗದ, ಶಸ್ತ್ರಸಜ್ಜಿತ ನೌಕೆ. 18ನೇ ಶತಮಾನದಲ್ಲಿ ಬ್ರಿಟನ್ನಿನ ಕರಾವಳಿಯಲ್ಲಿ ಇದರ ಬಳಕೆ ವ್ಯಾಪಕವಾಯಿತು. 1790ರಿಂದ ಅಮೆರಿಕ ಸಂಯುಕ್ತ ಸಂಸ್ಥಾನವೂ ಇಂತಹ ನೌಕೆಗಳನ್ನು ಹೊಂದಿತು. ಸುಂಕ ಕೊಡದೆ ತಂದ ಚಹಾ, ಬ್ರಾಂದಿ, ಜಿನ್, ತಂಬಾಕು, ರೇಷ್ಮೆ ಮತ್ತು ಕಸೂತಿ ಪಟ್ಟಿಗಳನ್ನು ಸಮುದ್ರದಲ್ಲಿಯೇ ಹಿಡಿದು ಮುಟ್ಟುಗೋಲು ಹಾಕಿಕೊಳ್ಳುವುದು ಈ ನೌಕೆಗಳ ಮುಖ್ಯ ಕೆಲಸವಾಗಿತ್ತು. ಇಂದಿನ ಹಲವು ಕರಾವಳಿ ರಕ್ಷಣಾ ಪಡೆಗಳ ಮೂಲವನ್ನು ಈ ವ್ಯವಸ್ಥೆಯಲ್ಲಿ ಗುರುತಿಸಲಾಗುತ್ತದೆ.

ಹೆಸರಿನ ಅರ್ಥ

‘ರೆವಿನ್ಯೂ’ ಎಂದರೆ ರಾಜಾದಾಯ. ‘ಕಟರ್’ ಎಂಬುದು ಒಂದೇ ಕೂವೆಮರವುಳ್ಳ, ಉದ್ದುದ್ದನೆಯ ಹಾಯಿಗಳನ್ನು ಹೊತ್ತ ಒಂದು ಬಗೆಯ ನೌಕೆಯ ಹೆಸರು. ಆರಂಭದಲ್ಲಿ ಸುಂಕದ ಇಲಾಖೆಯು ಸ್ಲೂಪ್, ಸ್ಮ್ಯಾಕ್ ಮೊದಲಾದ ಬೇರೆ ಬಗೆಯ ನೌಕೆಗಳನ್ನೂ ಬಳಸುತ್ತಿತ್ತು. 18ನೇ ಶತಮಾನದ ಮಧ್ಯಭಾಗದ ನಂತರ ಕಟರ್ ಮಾದರಿಯೇ ಪ್ರಧಾನವಾದುದರಿಂದ ಸುಂಕದ ಗಸ್ತುನೌಕೆಗಳಿಗೆಲ್ಲ ಅದೇ ಹೆಸರು ರೂಢಿಗೆ ಬಂದಿತು.

ಹಿನ್ನೆಲೆ

ಇಂಗ್ಲೆಂಡಿನಲ್ಲಿ ಕಳ್ಳಸಾಗಣೆಯು ಮೊದಲು ಬೆಳೆದದ್ದು ಆಮದಿನಲ್ಲಲ್ಲ, ರಫ್ತಿನಲ್ಲಿ. ದೇಶೀಯ ನೇಯ್ಗೆ ಉದ್ಯಮವನ್ನು ಕಾಪಾಡುವ ಸಲುವಾಗಿ ಕಚ್ಚಾ ಉಣ್ಣೆಯ ರಫ್ತನ್ನು 1660ರ ದಶಕದಲ್ಲಿ ನಿಷೇಧಿಸಲಾಯಿತು. ಕೆಂಟ್ ಮತ್ತು ಸಸೆಕ್ಸ್ ಪ್ರಾಂತಗಳ ಜವುಗು ಪ್ರದೇಶದಿಂದ ಫ್ರಾನ್ಸಿಗೆ ರಾತ್ರಿಯ ವೇಳೆ ಉಣ್ಣೆ ಸಾಗಿಸುತ್ತಿದ್ದವರನ್ನು ಜನರು ‘ಔಲರ್’ಗಳೆಂದು ಕರೆಯುತ್ತಿದ್ದರು. 1671ರಲ್ಲಿ ಸುಂಕ ಮಂಡಳಿಯು ಸ್ಥಾಪನೆಯಾಯಿತು. 1690ರ ದಶಕದ ಕೊನೆಯಲ್ಲಿ ಕರಾವಳಿಯ ನೆಲದ ಮೇಲೆ ಕಾವಲು ಕಾಯಲು ಕುದುರೆಯೇರಿದ ಅಧಿಕಾರಿಗಳನ್ನು ನೇಮಿಸಲಾಯಿತು. ಸಮುದ್ರದ ಕಾವಲಿಗೆ ಚಿಕ್ಕ ಹಾಯಿನೌಕೆಗಳ ಒಂದು ಸಾಲನ್ನು ನಿಯೋಜಿಸಲಾಯಿತು.

18ನೇ ಶತಮಾನದಲ್ಲಿ ಯುದ್ಧಗಳ ವೆಚ್ಚವನ್ನು ಭರಿಸಲು ಬ್ರಿಟಿಷ್ ಸರ್ಕಾರವು ಆಮದು ಸುಂಕವನ್ನು ಪದೇಪದೇ ಏರಿಸಿತು. ಚಹಾದ ಮೇಲಿನ ಒಟ್ಟು ಸುಂಕವು 1784ರ ವೇಳೆಗೆ ಅದರ ಬೆಲೆಯ ಶೇ. 119ರಷ್ಟಾಗಿತ್ತು. ಚೀನಾದಿಂದ ಚಹಾ ತರುವ ಏಕಸ್ವಾಮ್ಯವು ಈಸ್ಟ್ ಇಂಡಿಯಾ ಕಂಪನಿಗಿತ್ತು. ಆದರೆ ಅದೇ ಚಹಾವನ್ನು ಹಾಲೆಂಡ್, ಫ್ರಾನ್ಸ್, ಸ್ವೀಡನ್ ಮತ್ತು ಡೆನ್ಮಾರ್ಕಿನ ಕಂಪನಿಗಳೂ ಯುರೋಪಿಗೆ ತರುತ್ತಿದ್ದುದರಿಂದ ಇಂಗ್ಲಿಷ್ ಕಾಲುವೆಯ ಆಚೆ ದಡದಲ್ಲಿ ಅದು ಅಗ್ಗವಾಗಿ ಸಿಗುತ್ತಿತ್ತು. ಕೆಲವೇ ಗಂಟೆಗಳ ಪ್ರಯಾಣದಿಂದ ಸರಕಿನ ಬೆಲೆ ಇಮ್ಮಡಿಯಾಗುವಂತಿದ್ದ ಈ ಸ್ಥಿತಿಯೇ ಕಳ್ಳಸಾಗಣೆಯ ಮೂಲ ಕಾರಣವಾಗಿತ್ತು. ಗರ್ನ್ಸಿ ಮತ್ತು ಮ್ಯಾನ್ ದ್ವೀಪಗಳು ಬ್ರಿಟಿಷ್ ಸುಂಕದ ವ್ಯಾಪ್ತಿಯ ಹೊರಗಿದ್ದು ಸರಕಿನ ಉಗ್ರಾಣಗಳಾಗಿದ್ದವು. ಇದನ್ನು ತಡೆಯಲೆಂದೇ 1765ರಲ್ಲಿ ಸರ್ಕಾರವು ಮ್ಯಾನ್ ದ್ವೀಪದ ಒಡೆತನದ ಹಕ್ಕುಗಳನ್ನು ಅಥಾಲ್ ಡ್ಯೂಕನಿಂದ 70,000 ಪೌಂಡುಗಳಿಗೆ ಖರೀದಿಸಿತು.

ಆಡಳಿತ ವ್ಯವಸ್ಥೆ

ಕಳ್ಳಸಾಗಣೆಯ ವಿರುದ್ಧ ಸಮುದ್ರದಲ್ಲಿ ಮೂರು ಸೇವೆಗಳು ಏಕಕಾಲದಲ್ಲಿ ಕೆಲಸ ಮಾಡುತ್ತಿದ್ದವು. ಆಮದು-ರಫ್ತು ಸುಂಕ ಮಂಡಳಿ, ಅಬಕಾರಿ ಮಂಡಳಿ ಮತ್ತು ರಾಯಲ್ ನೇವಿ ಎಂಬ ಈ ಮೂರೂ ತಮ್ಮ ತಮ್ಮ ನೌಕೆಗಳನ್ನು ಹೊಂದಿದ್ದವು. ಸ್ಕಾಟ್ಲೆಂಡಿನಲ್ಲಿ 1707ರ ಏಕೀಕರಣದ ನಂತರ ಪ್ರತ್ಯೇಕ ಮಂಡಳಿಗಳಿದ್ದವು. ಅರ್ಥಶಾಸ್ತ್ರಜ್ಞ ಆ್ಯಡಂ ಸ್ಮಿತ್ 1778ರಲ್ಲಿ ಎಡಿನ್‌ಬರೋದಲ್ಲಿ ಸುಂಕದ ಆಯುಕ್ತನಾಗಿ ನೇಮಕಗೊಂಡನು.

ಸುಂಕ ಮಂಡಳಿಯ ನೌಕೆಗಳಲ್ಲಿ ಕೆಲವು ಸರ್ಕಾರದ ಸ್ವಂತದವು; ಇನ್ನು ಕೆಲವು ಖಾಸಗಿ ಒಡೆಯರಿಂದ ಗುತ್ತಿಗೆಗೆ ಪಡೆದವು. ಗುತ್ತಿಗೆದಾರನು ಹಿಡಿದ ಸರಕಿನಲ್ಲಿ ಪಾಲು ಪಡೆಯುತ್ತಿದ್ದುದರಿಂದ, ಸರಕು ಕೈಗೆ ಸಿಕ್ಕರೆ ಸಾಕೆಂದು ಕಳ್ಳಸಾಗಣೆದಾರರನ್ನು ಅವರ ದೋಣಿಯಲ್ಲಿಯೇ ಬಿಟ್ಟುಕಳುಹಿಸುವ ಒಳಒಪ್ಪಂದಗಳು ನಡೆಯುತ್ತಿದ್ದವು. 18ನೇ ಶತಮಾನದ ಕೊನೆಯ ಭಾಗದಲ್ಲಿ ಗುತ್ತಿಗೆ ಪದ್ಧತಿಯನ್ನು ಕೈಬಿಡಲಾಯಿತು. ಮೂರು ಸೇವೆಗಳ ನಡುವೆ ಸಹಕಾರಕ್ಕಿಂತ ಪೈಪೋಟಿಯೇ ಹೆಚ್ಚಾಗಿತ್ತು. ಒಂದೇ ಹಡಗನ್ನು ಎರಡು ನೌಕೆಗಳು ಬೆನ್ನಟ್ಟಿದಾಗ ಬಹುಮಾನ ಯಾರಿಗೆ ಸಲ್ಲಬೇಕೆಂಬ ವಿವಾದಗಳು ಏಳುತ್ತಿದ್ದವು.

ನೌಕೆಯ ರಚನೆ

ಕಟರಿನ ಒಡಲು ಅಗಲವಾಗಿಯೂ ನೀರಿನೊಳಗೆ ಆಳವಾಗಿಯೂ ಇರುತ್ತಿತ್ತು. ಅನೇಕ ಕಟರುಗಳ ಹಲಗೆಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಲಾಗುತ್ತಿತ್ತು. ಈ ಜೋಡಣೆಯಿಂದ ಒಡಲು ಹಗುರವಾಗಿಯೂ ಗಟ್ಟಿಯಾಗಿಯೂ ಇರುತ್ತಿತ್ತು. ಒಂದೇ ಕೂವೆಮರದ ಹಿಂಬದಿಗೆ ಬಹು ದೊಡ್ಡ ಮುಖ್ಯ ಹಾಯಿ ಇದ್ದು, ಅದರ ಕೆಳಗಿನ ಅಡ್ಡಮರವು ನೌಕೆಯ ಹಿಂಭಾಗವನ್ನು ದಾಟಿ ಹೊರಗೆ ಚಾಚಿರುತ್ತಿತ್ತು. ಮುಂಭಾಗದಲ್ಲಿ ‘ಬೌಸ್ಪ್ರಿಟ್’ ಎಂಬ ಉದ್ದನೆಯ ಚಾಚುಮರವಿತ್ತು. ಸಮುದ್ರವು ಉಗ್ರವಾದಾಗ ಇದನ್ನು ಒಳಗೆಳೆದುಕೊಳ್ಳಬಹುದಾಗಿತ್ತು. ಈ ಚಾಚುಮರಕ್ಕೆ ಎರಡು ಅಥವಾ ಮೂರು ತ್ರಿಕೋನಾಕಾರದ ಹಾಯಿಗಳನ್ನು ಕಟ್ಟಲಾಗುತ್ತಿತ್ತು. ಹಿಂಗಾಳಿಯಲ್ಲಿ ಓಡುವಾಗ ಕೂವೆಯ ಮೇಲ್ಭಾಗದಲ್ಲಿ ಚೌಕ ಹಾಯಿಯನ್ನೂ ಬಿಚ್ಚಲಾಗುತ್ತಿತ್ತು.

ಈ ರಚನೆಯ ದೊಡ್ಡ ಅನುಕೂಲವೆಂದರೆ ಎದುರುಗಾಳಿಯಲ್ಲಿ ಓರೆಯಾಗಿ ಮುನ್ನಡೆಯುವ ಸಾಮರ್ಥ್ಯ. ಚೌಕ ಹಾಯಿಗಳ ದೊಡ್ಡ ಯುದ್ಧನೌಕೆಗಳು ಗಾಳಿಯ ದಿಕ್ಕಿಗೆ ಅಷ್ಟು ಸಮೀಪವಾಗಿ ಸಾಗಲಾರವು. ದಡದ ಹತ್ತಿರದ ಕಡಿಮೆ ಆಳದ ನೀರಿಗೂ ಅವು ಬರಲಾರವು. ಈ ಕಾರಣದಿಂದಲೇ ರಾಯಲ್ ನೇವಿಯು ಸಪ್ತವಾರ್ಷಿಕ ಯುದ್ಧ ಮುಗಿದ 1763ರಲ್ಲಿ ಕಳ್ಳಸಾಗಣೆಯನ್ನು ತಡೆಯಲು ಹಲವು ಕಟರುಗಳನ್ನು ಖರೀದಿಸಿತು.

ಕಳ್ಳಸಾಗಣೆದಾರರೂ ಇದೇ ಮಾದರಿಯ ನೌಕೆಗಳನ್ನು, ಅನೇಕ ವೇಳೆ ಅದೇ ಹಡಗುಕಟ್ಟೆಗಳಲ್ಲಿ, ಕಟ್ಟಿಸುತ್ತಿದ್ದರು. ಆದಕಾರಣ ಶಾಸನಗಳು ನೌಕೆಯ ರಚನೆಯನ್ನೇ ನಿಯಂತ್ರಿಸಲು ಯತ್ನಿಸಿದವು. ಖಾಸಗಿ ನೌಕೆಗಳ ಚಾಚುಮರದ ಉದ್ದ, ಉದ್ದ-ಅಗಲಗಳ ಪ್ರಮಾಣ, ದೋಣಿಯ ಹುಟ್ಟುಗಳ ಸಂಖ್ಯೆ ಮುಂತಾದವಕ್ಕೆ ಮಿತಿ ಹಾಕಿ, ಮಿತಿ ಮೀರಿದವು ಪರವಾನಗಿ ಇಲ್ಲದಿದ್ದರೆ ಮುಟ್ಟುಗೋಲಿಗೆ ಅರ್ಹವೆಂದು ಸಾರಲಾಯಿತು. ನ್ಯಾಯಾಲಯವು ಅಪರಾಧಿಯೆಂದು ತೀರ್ಮಾನಿಸಿದ ನೌಕೆಗಳಲ್ಲಿ ಉತ್ತಮವಾದವನ್ನು ಸುಂಕದ ಸೇವೆಗೇ ಸೇರಿಸಿಕೊಳ್ಳಲಾಗುತ್ತಿತ್ತು. ಉಳಿದವು ಮತ್ತೆ ಕಳ್ಳಸಾಗಣೆದಾರರ ಕೈಸೇರದಂತೆ ಗರಗಸದಿಂದ ತುಂಡರಿಸಲ್ಪಡುತ್ತಿದ್ದವು.

ಸಿಬ್ಬಂದಿ ಮತ್ತು ಆದಾಯ

ಪ್ರತಿ ನೌಕೆಗೂ ಒಬ್ಬ ನಾಯಕ, ಒಬ್ಬಿಬ್ಬರು ಸಹಾಯಕ ಅಧಿಕಾರಿಗಳು, ಫಿರಂಗಿಯ ಹೊಣೆಗಾರ, ಬಡಗಿ ಮತ್ತು ನಾವಿಕರು ಇರುತ್ತಿದ್ದರು. ದೊಡ್ಡ ಕಟರಿನಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುತ್ತಿದ್ದರು. ಹಗುರವಾದ ಫಿರಂಗಿಗಳ ಜೊತೆಗೆ ಕೋವಿ, ಪಿಸ್ತೂಲು ಮತ್ತು ಗಿಡ್ಡ ಕತ್ತಿಗಳನ್ನು ಒದಗಿಸಲಾಗುತ್ತಿತ್ತು.

ವೇತನವು ಸಾಧಾರಣವಾಗಿತ್ತು, ಮುಟ್ಟುಗೋಲು ಹಾಕಿಕೊಂಡ ಸರಕಿನ ಮಾರಾಟದಲ್ಲಿ ಸಿಗುವ ಪಾಲೇ ಸಿಬ್ಬಂದಿಗೆ ಮುಖ್ಯ ಆಕರ್ಷಣೆಯಾಗಿತ್ತು. ಈ ಪದ್ಧತಿಯು ನಾವಿಕರನ್ನು ಹುರಿದುಂಬಿಸಿದಂತೆಯೇ ಒಂದು ದೋಷಕ್ಕೂ ಎಡೆಮಾಡಿತು. ಕಳ್ಳಸಾಗಣೆಯು ಪೂರ್ತಿಯಾಗಿ ನಿಂತರೆ ಸಿಬ್ಬಂದಿಯ ಆದಾಯವೂ ನಿಲ್ಲುತ್ತಿತ್ತು. ಗಸ್ತಿನ ಸಿಬ್ಬಂದಿ ಮತ್ತು ಕಳ್ಳಸಾಗಣೆದಾರರು ಒಂದೇ ಕರಾವಳಿಯ ಹಳ್ಳಿಗಳವರಾಗಿದ್ದು, ಬಂಧುಗಳೂ ನೆರೆಹೊರೆಯವರೂ ಆಗಿರುತ್ತಿದ್ದುದು ಸಾಮಾನ್ಯವಾಗಿತ್ತು. ಕೆಲವರು ಪಕ್ಷ ಬದಲಿಸಿದ್ದೂ ಉಂಟು. ಖ್ಯಾತ ಕಳ್ಳಸಾಗಣೆದಾರ ಟಾಮ್ ಜಾನ್‌ಸನ್ ಮುಂದೆ ಸುಂಕದ ಕಟರೊಂದರ ನಾಯಕತ್ವ ವಹಿಸಿದನು.

ಕಾನೂನಿನ ಅಧಿಕಾರ

ಕಡಲಿನಲ್ಲಿ ಎಷ್ಟು ದೂರದವರೆಗೆ ಹಡಗನ್ನು ತಡೆದು ಶೋಧಿಸಬಹುದೆಂಬುದು ಗಸ್ತುನೌಕೆಗಳ ಅಧಿಕಾರದ ಮುಖ್ಯ ಪ್ರಶ್ನೆಯಾಗಿತ್ತು. ದಡದ ಸಮೀಪದಲ್ಲಿ ಕಾರಣವಿಲ್ಲದೆ ಸುಳಿದಾಡುವ ಹಡಗುಗಳನ್ನು ಹಿಡಿಯಲು ಅವಕಾಶ ಕೊಟ್ಟ ಶಾಸನಗಳಿಗೆ ‘ಹವರಿಂಗ್ ಕಾಯ್ದೆಗಳು’ ಎಂಬ ಹೆಸರಿದೆ. 18ನೇ ಶತಮಾನದ ಮೊದಲ ಭಾಗದಲ್ಲಿ 2 ಲೀಗ್, ಅಂದರೆ 6 ನಾಟಿಕಲ್ ಮೈಲಿಗಳಷ್ಟಿದ್ದ ಈ ಮಿತಿಯನ್ನು 1784ರಲ್ಲಿ 4 ಲೀಗ್‌ಗಳಿಗೂ 1802ರಲ್ಲಿ 8 ಲೀಗ್‌ಗಳಿಗೂ ವಿಸ್ತರಿಸಲಾಯಿತು.

ಸುಂಕದ ನೌಕೆಯು ಗುಂಡು ಹಾರಿಸುವ ಮೊದಲು ತನ್ನ ಅಧಿಕೃತ ಧ್ವಜ ಮತ್ತು ಪತಾಕೆಯನ್ನು ಏರಿಸಬೇಕಾಗಿತ್ತು. ಈ ನಿಯಮವನ್ನು ಪಾಲಿಸಿದ ನಾಯಕನಿಗೆ, ಗುಂಡೇಟಿನಿಂದ ಯಾರಾದರೂ ಸತ್ತರೂ ಕಾನೂನಿನ ರಕ್ಷಣೆ ಇರುತ್ತಿತ್ತು; ಪಾಲಿಸದಿದ್ದರೆ ಅವನೇ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕಾಗುತ್ತಿತ್ತು. 1736ರ ಕಾಯ್ದೆಯು ಕರ್ತವ್ಯನಿರತ ಅಧಿಕಾರಿಗಳನ್ನು ಗಾಯಗೊಳಿಸಿದವರಿಗೆ ಮರಣದಂಡನೆಯನ್ನು ವಿಧಿಸಿತು. ಅದೇ ಕಾಯ್ದೆಯು ತಪ್ಪೊಪ್ಪಿಕೊಂಡು ಜೊತೆಗಾರರ ಹೆಸರು ಹೇಳಿದವರಿಗೆ ಕ್ಷಮಾದಾನವನ್ನೂ ನೀಡಿತು. ಸಿಕ್ಕಿಬಿದ್ದ ಆರೋಗ್ಯವಂತ ನಾವಿಕರನ್ನು ಕಡ್ಡಾಯವಾಗಿ ನೌಕಾಪಡೆಯ ಸೇವೆಗೆ ಕಳುಹಿಸುವುದು ಮತ್ತೊಂದು ಸಾಮಾನ್ಯ ಶಿಕ್ಷೆಯಾಗಿತ್ತು.

ಕಳ್ಳಸಾಗಣೆಯ ತಂತ್ರಗಳು ಮತ್ತು ಗಸ್ತು

ಕಳ್ಳಸಾಗಣೆಯ ನೌಕೆಗಳು ಸಾಮಾನ್ಯವಾಗಿ ಚಂದ್ರನಿಲ್ಲದ ರಾತ್ರಿಗಳನ್ನು ಆರಿಸಿಕೊಳ್ಳುತ್ತಿದ್ದವು. ಕತ್ತಲೆಯಲ್ಲಿ ದಡದ ನಿಗದಿತ ಸ್ಥಳಕ್ಕೆ ನೌಕೆಯನ್ನು ತರುವವನು ‘ಸ್ಪಾಟ್ಸ್‌ಮನ್’. ಉದ್ದನೆಯ ಕೊಳವೆಯುಳ್ಳ ಲಾಂದ್ರದ ಮೂಲಕ ದಡದಿಂದ ಸಂಕೇತ ಕೊಡಲಾಗುತ್ತಿತ್ತು. ಅದರ ಬೆಳಕು ಸಮುದ್ರದ ಕಡೆಗೆ ಮಾತ್ರ ಕಾಣುತ್ತಿದ್ದು, ಅಕ್ಕಪಕ್ಕದವರ ಕಣ್ಣಿಗೆ ಬೀಳುತ್ತಿರಲಿಲ್ಲ. ಮದ್ಯವನ್ನು ಸುಮಾರು 4 ಗ್ಯಾಲನ್ ಹಿಡಿಸುವ ಚಿಕ್ಕ ಪೀಪಾಯಿಗಳಲ್ಲಿ ತುಂಬಿ, ಎರಡೆರಡನ್ನು ಹಗ್ಗದಿಂದ ಜೋಡಿಸಿಡುತ್ತಿದ್ದರು. ಕೂಲಿಯವನೊಬ್ಬನು ಒಂದನ್ನು ಎದೆಯ ಮೇಲೂ ಇನ್ನೊಂದನ್ನು ಬೆನ್ನಿನ ಮೇಲೂ ಇಳಿಬಿಟ್ಟುಕೊಂಡು ಒಳನಾಡಿಗೆ ಒಯ್ಯುತ್ತಿದ್ದನು. ದೊಣ್ಣೆ ಹಿಡಿದ ಕಾವಲುಗಾರರು ಇಕ್ಕೆಲಗಳಲ್ಲಿ ನಿಲ್ಲುತ್ತಿದ್ದರು.

ಗಸ್ತು ಬಿಗಿಯಾದಂತೆ ನೇರವಾಗಿ ದಡಕ್ಕಿಳಿಸುವುದು ಅಪಾಯಕರವಾಯಿತು. ಆಗ ಪೀಪಾಯಿಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿ, ಕಲ್ಲಿನ ಭಾರದಿಂದ ಕಡಲಿನ ತಳಕ್ಕೆ ಮುಳುಗಿಸಿಟ್ಟು, ಅವಕಾಶ ಒದಗಿದಾಗ ಮೀನುಗಾರರ ದೋಣಿಗಳಿಂದ ಮೇಲೆತ್ತುವ ವಿಧಾನ ರೂಢಿಗೆ ಬಂದಿತು. ಇದಕ್ಕೆ ಪ್ರತಿಯಾಗಿ ಗಸ್ತಿನವರು ಬಾವಿಗೆ ಬಿದ್ದ ಕೊಡವನ್ನೆತ್ತುವ ಪಾತಾಳಗರಡಿಯನ್ನು ಹೋಲುವ ಕೊಕ್ಕೆಗಳನ್ನು ದೋಣಿಯ ಹಿಂದೆ ಎಳೆದುಕೊಂಡು ಹೋಗಿ ಸಮುದ್ರದ ತಳವನ್ನು ತಡಕುತ್ತಿದ್ದರು. ಪೊಳ್ಳು ಕೂವೆಗಳು, ಎರಡು ತಳಗಳ ದೋಣಿಗಳು, ಹಗ್ಗದ ಆಕಾರದಲ್ಲಿ ಹೊಸೆದ ತಂಬಾಕು ಮುಂತಾದ ಅಡಗುತಾಣಗಳನ್ನೂ ಅವರು ಪತ್ತೆಹಚ್ಚಬೇಕಾಗಿತ್ತು.

ಬೆನ್ನಟ್ಟುವಿಕೆಯು ಹಲವು ಗಂಟೆಗಳ ಕಾಲ ನಡೆಯುತ್ತಿತ್ತು. ಓಡುವ ನೌಕೆಯು ಭಾರ ಇಳಿಸಲು ಸರಕನ್ನು ಕಡಲಿಗೆಸೆದರೆ, ಹಿಂಬಾಲಿಸುವವರು ತೇಲುವ ಪೀಪಾಯಿಗಳನ್ನು ಸಾಕ್ಷ್ಯಕ್ಕಾಗಿ ಎತ್ತಿಕೊಳ್ಳಬೇಕೆ, ನೌಕೆಯನ್ನೇ ಹಿಡಿಯಬೇಕೆ ಎಂಬುದನ್ನು ಕ್ಷಣದಲ್ಲಿ ನಿರ್ಧರಿಸಬೇಕಾಗಿತ್ತು. ಕಳ್ಳಸಾಗಣೆ ಹೆಚ್ಚುತ್ತಿದ್ದುದು ಚಳಿಗಾಲದ ದೀರ್ಘ ರಾತ್ರಿಗಳಲ್ಲಿ. ಬಿರುಗಾಳಿಗಳ ಕಾಲವೂ ಅದೇ. ಹೀಗಾಗಿ ಸುರಕ್ಷಿತ ಬಂದರಿನಲ್ಲಿ ತಂಗಬೇಕಾದ ಹವೆಯಲ್ಲಿಯೇ ಕಟರುಗಳು ಹೊರಗಿರಬೇಕಾಗಿತ್ತು.

ಪೂಲ್ ಸುಂಕದ ಕಟ್ಟೆಯ ದಾಳಿ

ಸಮುದ್ರದಲ್ಲಿ ಗಳಿಸಿದ ಗೆಲುವು ನೆಲದ ಮೇಲೆ ಹೇಗೆ ಕೈತಪ್ಪಬಹುದೆಂಬುದಕ್ಕೆ 1747ರ ಘಟನೆಯೊಂದು ಪ್ರಸಿದ್ಧ ನಿದರ್ಶನವಾಗಿದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ವಿಲಿಯಂ ಜಾನ್‌ಸನ್‌ನ ಸುಂಕದ ನೌಕೆಯು ‘ತ್ರೀ ಬ್ರದರ್ಸ್’ ಎಂಬ ಕಳ್ಳಸಾಗಣೆ ನೌಕೆಯನ್ನು ಬೆನ್ನಟ್ಟಿ ಹಿಡಿಯಿತು. ಅದರಲ್ಲಿದ್ದ ಸುಮಾರು 2 ಟನ್ ಚಹಾ ಮತ್ತು ಮದ್ಯದ ಪೀಪಾಯಿಗಳನ್ನು ಡಾರ್ಸೆಟ್ ಪ್ರಾಂತದ ಪೂಲ್ ಬಂದರಿನ ಸುಂಕದ ಕಟ್ಟೆಯಲ್ಲಿ ಇರಿಸಲಾಯಿತು. ಅಕ್ಟೋಬರ್ ಮೊದಲ ವಾರದ ಒಂದು ರಾತ್ರಿ, ಹಾಕ್‌ಹರ್ಸ್ಟ್ ತಂಡಕ್ಕೆ ಸೇರಿದವರನ್ನು ಒಳಗೊಂಡ ಶಸ್ತ್ರಧಾರಿ ಗುಂಪು ಕಟ್ಟೆಯ ಬಾಗಿಲು ಒಡೆದು ಚಹಾವನ್ನು ಹೊತ್ತೊಯ್ದಿತು. ಬಂದರಿನಲ್ಲಿ ಯುದ್ಧನೌಕೆಯೊಂದಿದ್ದರೂ ಇಳಿತದಿಂದ ನೀರು ತಗ್ಗಿದ್ದ ಕಾರಣ ಅದರ ಫಿರಂಗಿಗಳು ಕಟ್ಟೆಗೆ ಗುರಿಯಿಡುವಂತಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಫೋರ್ಡಿಂಗ್‌ಬ್ರಿಜ್ ಊರಿನಲ್ಲಿ ಡೇನಿಯಲ್ ಚೇಟರ್ ಎಂಬ ಚಮ್ಮಾರನು ಗುಂಪಿನಲ್ಲಿದ್ದ ಪರಿಚಯದವನೊಬ್ಬನನ್ನು ಗುರುತಿಸಿದನು. 1748ರ ಫೆಬ್ರವರಿಯಲ್ಲಿ ಸಾಕ್ಷ್ಯ ನುಡಿಯಲು ಸುಂಕದ ಅಧಿಕಾರಿ ವಿಲಿಯಂ ಗ್ಯಾಲಿಯೊಡನೆ ಹೊರಟಿದ್ದ ಅವನನ್ನು ಕಳ್ಳಸಾಗಣೆದಾರರು ದಾರಿಯಲ್ಲಿ ಸೆರೆಹಿಡಿದರು. ಇಬ್ಬರನ್ನೂ ಚಿತ್ರಹಿಂಸೆಗೊಳಪಡಿಸಿ ಕೊಲ್ಲಲಾಯಿತು. 1749ರ ಜನವರಿಯಲ್ಲಿ ಚಿಚೆಸ್ಟರ್‌ನಲ್ಲಿ ನಡೆದ ವಿಶೇಷ ವಿಚಾರಣೆಯಲ್ಲಿ ಏಳು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಅವರಲ್ಲೊಬ್ಬನು ಗಲ್ಲಿಗೇರುವ ಮುನ್ನವೇ ಸೆರೆಮನೆಯಲ್ಲಿ ಸತ್ತನು. ಕಳ್ಳಸಾಗಣೆದಾರರ ಬಗ್ಗೆ ಅದುವರೆಗೆ ಇದ್ದ ಸಾರ್ವಜನಿಕ ಸಹಾನುಭೂತಿಯು ಈ ಕೊಲೆಗಳಿಂದ ಬಹಳಮಟ್ಟಿಗೆ ಕುಗ್ಗಿತು.

ಸಮಾಜದ ನಿಲುವು

ಕರಾವಳಿಯ ಬಡ ಕುಟುಂಬಗಳಿಗೆ ಒಂದು ರಾತ್ರಿಯ ಹೊರೆಗೆಲಸದ ಕೂಲಿಯು ಹೊಲದ ದುಡಿಮೆಗಿಂತ ಎಷ್ಟೋ ಹೆಚ್ಚಾಗಿತ್ತು. ಅಗ್ಗದ ಚಹಾ ಮತ್ತು ಬ್ರಾಂದಿಯನ್ನು ಕೊಳ್ಳುವವರಲ್ಲಿ ಪಾದ್ರಿಗಳೂ ಜಮೀನುದಾರರೂ ಇದ್ದರು. ಸ್ಥಳೀಯ ಜ್ಯೂರಿಗಳು ಅಪರಾಧಿಗಳನ್ನು ಬಿಡುಗಡೆ ಮಾಡುತ್ತಿದ್ದುದೂ ಉಂಟು. ಆ್ಯಡಂ ಸ್ಮಿತ್ 1776ರಲ್ಲಿ ಪ್ರಕಟವಾದ ‘ವೆಲ್ತ್ ಆಫ್ ನೇಷನ್ಸ್’ ಗ್ರಂಥದಲ್ಲಿ, ಅತಿಯಾದ ಸುಂಕವೇ ಕಳ್ಳಸಾಗಣೆಗೆ ಪ್ರೇರಣೆ ನೀಡಿ ಬೇರೆ ಎಲ್ಲ ರೀತಿಯಲ್ಲೂ ಒಳ್ಳೆಯವರಾಗಿರಬಹುದಾದ ಪ್ರಜೆಗಳನ್ನು ಅಪರಾಧಿಗಳನ್ನಾಗಿ ಮಾಡುತ್ತದೆ ಎಂದು ವಾದಿಸಿದನು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಅಬಕಾರಿ ಅಧಿಕಾರಿಯಾಗಿದ್ದು, 1792ರಲ್ಲಿ ಸಾಲ್ವೇ ಕೊಲ್ಲಿಯಲ್ಲಿ ‘ರೋಸಮಂಡ್’ ಎಂಬ ಕಳ್ಳಸಾಗಣೆ ನೌಕೆಯ ಸೆರೆಯಲ್ಲಿ ಪಾಲ್ಗೊಂಡನು.

1784ರ ಸುಂಕ ಕಡಿತ

ಪ್ರಧಾನಿ ಕಿರಿಯ ವಿಲಿಯಂ ಪಿಟ್‌ನ ಸರ್ಕಾರವು 1784ರಲ್ಲಿ ಕಮ್ಯುಟೇಶನ್ ಕಾಯ್ದೆಯ ಮೂಲಕ ಚಹಾದ ಸುಂಕವನ್ನು ಶೇ. 12.5ಕ್ಕೆ ಇಳಿಸಿತು. ಇದರಿಂದಾಗುವ ನಷ್ಟವನ್ನು ಮನೆಗಳ ಕಿಟಕಿಗಳ ಮೇಲಿನ ತೆರಿಗೆಯನ್ನು ಹೆಚ್ಚಿಸಿ ತುಂಬಿಕೊಳ್ಳಲಾಯಿತು. ಕೆಲವೇ ವರ್ಷಗಳಲ್ಲಿ ಕಾನೂನುಬದ್ಧ ಚಹಾದ ಮಾರಾಟವು ಇಮ್ಮಡಿಗೂ ಮೀರಿ ಬೆಳೆಯಿತು; ಚಹಾದ ಕಳ್ಳಸಾಗಣೆಯು ಲಾಭದಾಯಕವಾಗಿ ಉಳಿಯಲಿಲ್ಲ. ಹತ್ತಾರು ವರ್ಷ ಗಸ್ತುನೌಕೆಗಳಿಂದ ಆಗದ ಕೆಲಸವನ್ನು ಸುಂಕದ ಇಳಿಕೆಯು ಸಾಧಿಸಿತು. ಆದರೆ ಮದ್ಯ ಮತ್ತು ತಂಬಾಕಿನ ಮೇಲಿನ ಸುಂಕ ಹೆಚ್ಚಾಗಿಯೇ ಇದ್ದುದರಿಂದ, ಹಾಗೂ 1793ರಿಂದ ಫ್ರಾನ್ಸಿನೊಡನೆ ಆರಂಭವಾದ ಯುದ್ಧಗಳ ಕಾಲದಲ್ಲಿ ಅವು ಮತ್ತೆ ಏರಿದ್ದರಿಂದ, ಕಟರುಗಳ ಅಗತ್ಯ ಮುಂದುವರಿಯಿತು. ಯುದ್ಧದ ಅವಧಿಯಲ್ಲಿ ಅವು ಪತ್ರಗಳ ಸಾಗಣೆ ಮತ್ತು ಶತ್ರು ಖಾಸಗಿ ನೌಕೆಗಳ ತಡೆಯಲ್ಲಿಯೂ ನೆರವಾದವು.

ಕೋಸ್ಟ್ ಗಾರ್ಡ್ ಸ್ಥಾಪನೆ

1809ರಲ್ಲಿ ದಡಕ್ಕೆ ಸಮೀಪದ ನೀರನ್ನು ದೋಣಿಗಳಲ್ಲಿ ಕಾಯಲು ‘ಪ್ರಿವೆಂಟಿವ್ ವಾಟರ್ ಗಾರ್ಡ್’ ಎಂಬ ಪಡೆಯನ್ನು ರಚಿಸಲಾಯಿತು. ಕಟರುಗಳ ಕಣ್ತಪ್ಪಿಸಿ ಬಂದ ಸರಕನ್ನು ಹಿಡಿಯುವುದು ಇದರ ಉದ್ದೇಶ. 1815ರಲ್ಲಿ ನೆಪೋಲಿಯನ್ ಯುದ್ಧಗಳು ಮುಗಿದು ಸಾವಿರಾರು ನಾವಿಕರು ನಿರುದ್ಯೋಗಿಗಳಾದಾಗ ಕಳ್ಳಸಾಗಣೆ ಮತ್ತೆ ಉಲ್ಬಣಿಸಿತು. 1817ರಲ್ಲಿ ಕ್ಯಾಪ್ಟನ್ ವಿಲಿಯಂ ಮೆಕಲಕ್ ನೇತೃತ್ವದಲ್ಲಿ ಕೆಂಟ್ ಕರಾವಳಿಯಲ್ಲಿ ನೌಕಾಪಡೆಯ ‘ಕೋಸ್ಟ್ ಬ್ಲಾಕೇಡ್’ ಆರಂಭವಾಗಿ ಮುಂದೆ ಸಸೆಕ್ಸಿಗೂ ವಿಸ್ತರಿಸಿತು. 1821ರ ಫೆಬ್ರವರಿಯಲ್ಲಿ ಬ್ರೂಕ್‌ಲೆಂಡ್ ಎಂಬಲ್ಲಿ ಈ ಪಡೆಗೂ ಆಲ್ಡಿಂಗ್‌ಟನ್ ತಂಡಕ್ಕೂ ನಡೆದ ಕಾಳಗದಲ್ಲಿ ಎರಡೂ ಕಡೆ ಸಾವುನೋವುಗಳಾದವು.

1822ರಲ್ಲಿ ವಾಟರ್ ಗಾರ್ಡ್, ಕುದುರೆಯೇರಿದ ಅಧಿಕಾರಿಗಳು ಮತ್ತು ಸುಂಕದ ಕಟರುಗಳನ್ನು ಒಂದುಗೂಡಿಸಿ ‘ಕೋಸ್ಟ್ ಗಾರ್ಡ್’ ಎಂಬ ಏಕೀಕೃತ ಸೇವೆಯನ್ನು ಸ್ಥಾಪಿಸಲಾಯಿತು. 1831ರಲ್ಲಿ ಇದು ಕೋಸ್ಟ್ ಬ್ಲಾಕೇಡ್‌ನ ಸ್ಥಾನವನ್ನೂ ಪಡೆಯಿತು. 1840ರ ದಶಕದಲ್ಲಿ ಮುಕ್ತ ವ್ಯಾಪಾರದ ನೀತಿಯಿಂದ ನೂರಾರು ವಸ್ತುಗಳ ಸುಂಕ ಇಳಿದು, ದೊಡ್ಡ ಪ್ರಮಾಣದ ಕಳ್ಳಸಾಗಣೆ ಕ್ಷೀಣಿಸಿತು. 1856ರಲ್ಲಿ ಕೋಸ್ಟ್ ಗಾರ್ಡ್ ನೌಕಾಪಡೆಯ ಆಡಳಿತಕ್ಕೆ ಸೇರಿತು. ಕ್ರಮೇಣ ಉಗಿನೌಕೆಗಳು ಹಾಯಿ ಕಟರುಗಳ ಸ್ಥಾನವನ್ನು ಆಕ್ರಮಿಸಿದವು.

ಅಮೆರಿಕದ ರೆವಿನ್ಯೂ ಕಟರುಗಳು

ಸ್ವಾತಂತ್ರ್ಯಾನಂತರ ಅಮೆರಿಕದ ಕೇಂದ್ರ ಸರ್ಕಾರದ ಮುಖ್ಯ ಆದಾಯ ಆಮದು ಸುಂಕವೇ ಆಗಿತ್ತು. ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಸಲಹೆಯಂತೆ 1790ರ ಆಗಸ್ಟ್ 4ರಂದು 10 ಕಟರುಗಳ ನಿರ್ಮಾಣಕ್ಕೆ ಅನುಮತಿ ದೊರೆಯಿತು. ಇದಕ್ಕಾಗಿ ಒಟ್ಟು 10,000 ಡಾಲರುಗಳ ವೆಚ್ಚದ ಮಿತಿ ಹಾಕಲಾಯಿತು. 1791ರ ಮಾರ್ಚ್ 21ರಂದು ಹೋಪ್ಲಿ ಯೀಟನ್ ಈ ಸೇವೆಯ ಅಧಿಕಾರಿಯಾಗಿ ನೇಮಕಗೊಂಡು ಮುಂದೆ ‘ಸ್ಕ್ಯಾಮಲ್’ ಕಟರಿನ ನಾಯಕನಾದನು. ಅದೇ ವರ್ಷ ಹ್ಯಾಮಿಲ್ಟನ್ ತನ್ನ ಸುತ್ತೋಲೆಯಲ್ಲಿ, ತಮ್ಮ ದೇಶದವರು ಸ್ವತಂತ್ರ ಜನರೆಂಬುದನ್ನು ಮರೆಯದೆ ದರ್ಪವಿಲ್ಲದೆ ನಡೆದುಕೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದನು. 1915ರಲ್ಲಿ ಈ ಸೇವೆಯು ಜೀವರಕ್ಷಣಾ ಸೇವೆಯೊಡನೆ ವಿಲೀನಗೊಂಡು ಯುನೈಟೆಡ್ ಸ್ಟೇಟ್ಸ್ ಕೋಸ್ಟ್ ಗಾರ್ಡ್ ಆಯಿತು.

ಪರಂಪರೆ

ಅಮೆರಿಕದ ಕೋಸ್ಟ್ ಗಾರ್ಡ್ ಇಂದಿಗೂ 65 ಅಡಿ ಅಥವಾ ಅದಕ್ಕಿಂತ ಉದ್ದವಾದ, ಕಾಯಂ ಸಿಬ್ಬಂದಿಯುಳ್ಳ ತನ್ನ ನೌಕೆಗಳನ್ನು ‘ಕಟರ್’ ಎಂದೇ ಕರೆಯುತ್ತದೆ. ಬ್ರಿಟನ್ನಿನ ಗಡಿ ಪಡೆಯ ಗಸ್ತುನೌಕೆಗಳಿಗೂ ಅದೇ ಹೆಸರಿದೆ. ಜೆ. ಮೀಡ್ ಫಾಕ್ನರ್‌ನ ‘ಮೂನ್‌ಫ್ಲೀಟ್’ (1898) ಮತ್ತು ಡಾಫ್ನೆ ಡು ಮೊರಿಯರ್ ಅವರ ‘ಜಮೈಕಾ ಇನ್’ (1936) ಕಾದಂಬರಿಗಳು ಕಳ್ಳಸಾಗಣೆಯ ಕಾಲವನ್ನು ಜನಪ್ರಿಯಗೊಳಿಸಿದವು.

ಹವರಿಂಗ್ ಕಾಯ್ದೆಗಳ ಮೂಲತತ್ತ್ವವು ಅಂತರರಾಷ್ಟ್ರೀಯ ಕಾನೂನಿನಲ್ಲಿ ಉಳಿದಿದೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು ಕರಾವಳಿ ರಾಷ್ಟ್ರಗಳಿಗೆ 24 ನಾಟಿಕಲ್ ಮೈಲಿಗಳವರೆಗಿನ ಪಕ್ಕದ ವಲಯದಲ್ಲಿ ಸುಂಕದ ಕಾನೂನುಗಳ ಉಲ್ಲಂಘನೆಯನ್ನು ತಡೆಯುವ ಅಧಿಕಾರ ನೀಡುತ್ತದೆ. ಭಾರತವು 1976ರ ಕಡಲ ವಲಯಗಳ ಕಾಯ್ದೆಯಲ್ಲಿ ಇಷ್ಟೇ ದೂರದ ವಲಯವನ್ನು ಗುರುತಿಸಿದೆ. ಸಮುದ್ರದ ಮೂಲಕ ನಡೆಯುತ್ತಿದ್ದ ಕಳ್ಳಸಾಗಣೆಯ ಹೆಚ್ಚಳವು 1970ರ ದಶಕದಲ್ಲಿ ಭಾರತೀಯ ತಟರಕ್ಷಣಾ ಪಡೆಯ ಸ್ಥಾಪನೆಗೂ ಒಂದು ಪ್ರಮುಖ ಕಾರಣವಾಗಿತ್ತು.